ಅಕ್ಷರದ ಬಿಲ್ಲೆ, ಮನೆಯ ಮಾತು

ಮಕ್ಕಳ ಕೈಗೆ ಮೊಬೈಲು ಸಿಕ್ಕಿತೆಂದರೆ ಹೆತ್ತವರಿಗೆ ಆತಂಕ. ಅದು ಸಹಜವೇ. ಆದರೂ ಮೊಬೈಲಿನ ಆಟಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಇಂಗ್ಲಿಷ್ ಆಟವೂ, ಆ ಆಟದ ತಂತ್ರವನ್ನು ಕಲಿಸಿಕೊಡುವ ಆ್ಯಪ್‌ಗಳೂ ಇಂದು ಗಡಿನಾಡಿನ ಮನೆಗಳನ್ನು ಹೊಕ್ಕಿವೆ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಇವುಗಳಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಈ ವಾರ ವಿಚಾರಿಸೋಣ.

ಸ್ಕ್ರ್ಯಾಬಲ್ ಎಂಬ ಈ ಆಟವನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಅವರು ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. ಆ ಎಣಿಕೆಯ ಮೇಲೆಯೇ ಆಟ ನಿಂತಿದೆ. ಚೀಲದಲ್ಲಿ 100 ಬಿಲ್ಲೆಗಳು; 42 ಸ್ವರ, 56 ವ್ಯಂಜನ, 2 ಖಾಲಿ. ಹೆಚ್ಚು ಬಳಕೆಯ ‘ಇ’ ಅಕ್ಷರಕ್ಕೆ 12 ಬಿಲ್ಲೆ, ಬೆಲೆ ಒಂದೇ ಅಂಕ. ಅಪರೂಪದ ‘ಕ್ಯೂ’ ಅಕ್ಷರಕ್ಕೆ ಒಂದೇ ಬಿಲ್ಲೆ, ಬೆಲೆ 10 ಅಂಕ. 1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು ಇದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು.

ತಂತ್ರ ಕಲಿಸುವ ಆ್ಯಪ್ ಮಾಡುವ ಕೆಲಸ ಸರಳವಾದುದು. ಏಳು ಬಿಲ್ಲೆಗಳನ್ನೂ ಪಟವನ್ನೂ ತೋರಿಸಿ, ‘ಈಗ ಏನು ಇಡುವೆ?’ ಎಂದು ಕೇಳುತ್ತದೆ. ನಾವು ಇಟ್ಟ ಬಳಿಕ ಅದಕ್ಕಿಂತ ಉತ್ತಮವಾದ ನಡೆಗಳನ್ನು ತೋರಿಸುತ್ತದೆ. ಇದರಿಂದ ಮೂರು ಪಾಠಗಳು ದೊರೆಯುತ್ತವೆ. ಮೊದಲನೆಯದು, ಈ ಸರದಿಯ ಅಂಕವನ್ನಷ್ಟೇ ನೋಡದೆ ಕೈಯಲ್ಲಿ ಉಳಿಯುವ ಬಿಲ್ಲೆಗಳನ್ನೂ ಗಮನಿಸುವುದು. ಬರಿಯ ಸ್ವರಗಳು ಉಳಿದರೆ ಮುಂದಿನ ಸರದಿ ಬಡವಾಗುತ್ತದೆ. ಎರಡನೆಯದು, ಪಟದ ಮೇಲಿರುವ ಪದಕ್ಕೆ ಒಂದಕ್ಷರ ಸೇರಿಸಿ ಹೊಸ ಪದ ಮಾಡುವುದು. ಮೂರನೆಯದು, ಎದುರಾಳಿಗೆ ಬಾಗಿಲು ತೆರೆದುಕೊಡದಿರುವುದು. ಇಂತಹ ಲೆಕ್ಕದಲ್ಲಿ ಯಂತ್ರ ಎಷ್ಟು ನಿಪುಣವೆಂದರೆ, 2006ರಲ್ಲಿ ಟೊರೊಂಟೊದಲ್ಲಿ ಕ್ವ್ಯಾಕಲ್ ಎಂಬ ಕಂಪ್ಯೂಟರ್ ತಂತ್ರಾಂಶವು ಮಾಜಿ ವಿಶ್ವವಿಜೇತ ಡೇವಿಡ್ ಬಾಯ್ಸ್ ಅವರನ್ನು ಸೋಲಿಸಿತು.

ಆದರೆ ಈ ನೈಪುಣ್ಯವೂ ಭಾಷೆಯೂ ಒಂದೇ ಅಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವಪ್ರಶಸ್ತಿಯನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬಾರದು. ಪದಪಟ್ಟಿಯನ್ನು ಕಂಠಪಾಠ ಮಾಡಿದ್ದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿಯೂ ಅದೇ ಸಾಧನೆ ಮಾಡಿದರು. ಅದ್ಭುತವಾದ ಸ್ಮರಣಶಕ್ತಿ, ಸಂದೇಹವಿಲ್ಲ. ಆದರೆ ಆ ಪದಗಳಿಂದ ಅವರು ಯಾರನ್ನೂ ಊಟಕ್ಕೆ ಕರೆಯಲಾರರು, ಯಾರ ದುಃಖವನ್ನೂ ಸಂತೈಸಲಾರರು. ಆ್ಯಪ್‌ನಲ್ಲಿ ಮಗುವಿನ ಅಂಕ ಏರಿತೆಂದು ಸಂತೋಷಪಡುವ ಹೆತ್ತವರು ಇದನ್ನು ನೆನಪಿಡಬೇಕು. ಅರ್ಥವರಿಯದ ನೂರು ಪದಗಳು ಆಟಕ್ಕೆ ಒದಗುತ್ತವೆ, ಬಾಳಿಗೆ ಒದಗುವುದಿಲ್ಲ.

ಹಾಗಾದರೆ ಈ ತಂತ್ರವನ್ನು ಕನ್ನಡಕ್ಕೆ ತರಬಾರದೇಕೆ? ಇಲ್ಲೊಂದು ತೊಡಕಿದೆ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳಂತೆ 510 ಆಕಾರಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಮಾನಂತವಾಡಿ ತಾಲೂಕಿನ ಪಯ್ಯಂಪಳ್ಳಿಯ ಹೆಸರನ್ನೇ ಬರೆದು ನೋಡಿ. ಪದಬಂಧದ ಮನೆಗಳಲ್ಲಿ ಅದು ನಾಲ್ಕೇ ಅಕ್ಷರ: ಪ, ಯ್ಯಂ, ಪ, ಳ್ಳಿ. ಮೊಬೈಲಿನೊಳಗಿನ ಯೂನಿಕೋಡ್ ಲೆಕ್ಕದಲ್ಲಿ ಅದೇ ಹೆಸರು ಹತ್ತು ಸಂಕೇತಗಳ ಸಾಲು. ಇಂಗ್ಲಿಷಿನ ಆಟವನ್ನು ಹಾಗೆಯೇ ಎತ್ತಿ ತಂದರೆ ಚೀಲ ತುಂಬಿದರೂ ಆಟ ಸಾಗದು.

ಪರಿಹಾರ ಕಷ್ಟದ್ದಲ್ಲ. ರಟ್ಟಿನ ಬಿಲ್ಲೆಗಳ ಮೇಲೆ ಸ್ವರಗಳನ್ನೂ ಮೂಲ ವ್ಯಂಜನಗಳನ್ನೂ ಮಾತ್ರ ಬರೆಯಿರಿ. ಬಿಲ್ಲೆ ಇಡುವಾಗ ಆಟಗಾರನು ತನಗೆ ಬೇಕಾದ ಕಾಗುಣಿತವನ್ನು ಪೆನ್ಸಿಲಿನಿಂದ ಸೂಚಿಸಲಿ. ಒತ್ತಕ್ಷರಕ್ಕೆ ಒಂದೇ ಮನೆಯಲ್ಲಿ ಎರಡು ಬಿಲ್ಲೆ. ಅಡ್ಡಪದವೂ ಉದ್ದಪದವೂ ಸೇರುವಲ್ಲಿ ಅಕ್ಷರ ಪೂರ್ತಿ ಒಂದೇ ಆಗಿರಬೇಕು. ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆ ಎಂಬುದನ್ನು ಮಕ್ಕಳೇ ನಿರ್ಧರಿಸಲಿ: ಪಾಠಪುಸ್ತಕದ ಎರಡು ಪುಟಗಳನ್ನು ತೆರೆದು, ಬಟ್ಸ್ ಮಾಡಿದಂತೆ, ಎಣಿಸಲಿ. ‘ರ’, ‘ದ’, ‘ನ’ಗಳ ಹೆಚ್ಚಳವೂ ‘ಝ’, ‘ಛ’ಗಳ ಕೊರತೆಯೂ ಆಗ ಕಣ್ಣಿಗೆ ಬೀಳುತ್ತವೆ. ‘ಞ’ ಬೇಡವೆನ್ನುವ ಮುನ್ನ ‘ಜ್ಞಾನ’ವನ್ನೂ, ‘ಙ’ ಬೇಡವೆನ್ನುವ ಮುನ್ನ ‘ವಾಙ್ಮಯ’ವನ್ನೂ ನೆನೆಯಲಿ. ಗಣಿತವೂ ವ್ಯಾಕರಣವೂ ಒಟ್ಟಿಗೆ ಕಲಿತಂತಾಯಿತು.

ಆ್ಯಪ್ ಕಲಿಸಿದ ತಂತ್ರ ಇಲ್ಲಿ ಚೆನ್ನಾಗಿ ಫಲಿಸುತ್ತದೆ. ‘ಮರ’ ಎಂದು ಯಾರೋ ಇಟ್ಟರೆ ಮುಂದೊಂದು ಬಿಲ್ಲೆ ಸೇರಿಸಿ ‘ಅಮರ’, ‘ಸಮರ’, ‘ಚಾಮರ’. ಹಿಂದೊಂದು ಸೇರಿಸಿ ‘ಮರಳು’. ಆದರೆ ‘ಮನೆ’ಯನ್ನು ‘ಮನೆಗೆ’, ‘ಮನೆಯ’ ಎಂದು ವಿಭಕ್ತಿಯಿಂದ ಬೆಳೆಸಬಹುದೇ? ಆಟ ಆರಂಭಿಸುವ ಮೊದಲೇ ತೀರ್ಮಾನಿಸಿಕೊಳ್ಳಿ. ಇಲ್ಲವಾದರೆ ಜಗಳ ಖಂಡಿತ.

ಇನ್ನು ಮುಖ್ಯವಾದ ಪ್ರಶ್ನೆ: ಯಾವುದು ಪದ, ಯಾವುದು ಅಲ್ಲ? ಇಂಗ್ಲಿಷ್ ಆಟದಲ್ಲಿ ಪಟ್ಟಿಯಲ್ಲಿಲ್ಲದ ಪದಕ್ಕೆ ಬೆಲೆಯಿಲ್ಲ. ನಮ್ಮಲ್ಲಿಯೂ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇದೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ಆದರೆ ವಯನಾಡಿನ ಮನೆಮಾತು ಅಷ್ಟರಲ್ಲಿಯೇ ಮುಗಿಯುವುದಿಲ್ಲ. ಇಲ್ಲಿ ಕನ್ನಡವನ್ನಾಡುವ ಮನೆಗಳಿವೆ. ಕನ್ನಡಕ್ಕೆ ಹತ್ತಿರದ ಮಾತನ್ನಾಡುವ ಬೆಟ್ಟಕುರುಬರೂ ಕಾಟುನಾಯ್ಕರೂ ಇದ್ದಾರೆ. ಕಾಟ್ಟಿಕುಳಂ, ಬಾವಲಿ ದಾಟಿದರೆ ಹೆಗ್ಗಡದೇವನಕೋಟೆಯ ಸೀಮೆ. ಅಜ್ಜಿಯ ಬಾಯಲ್ಲಿರುವ ಗಿಡದ ಹೆಸರು, ಗದ್ದೆಯ ಕೆಲಸದ ಹೆಸರು, ಮೀನಿನ ಹೆಸರು ಯಾವ ಸಂಪುಟವನ್ನೂ ಸೇರದೆ ಉಳಿದಿರಬಹುದು. ಯಂತ್ರವು ಅಂತಹ ಪದವನ್ನು ತಪ್ಪೆಂದು ತಳ್ಳುತ್ತದೆ. ಮಗುವೂ ಅದನ್ನು ತಪ್ಪೆಂದೇ ನಂಬಿ ಬಿಟ್ಟುಬಿಡುತ್ತದೆ. ಮಾತು ಹೀಗೆ ಸದ್ದಿಲ್ಲದೆ ಅಳಿಯುತ್ತದೆ.

ಆದುದರಿಂದ ನಿಮ್ಮ ಮನೆಯ ಪಟಕ್ಕೆ ಒಂದು ನಿಯಮ ಸೇರಿಸಿರಿ. ನಿಘಂಟಿನಲ್ಲಿಲ್ಲದ ಪದವನ್ನು ಮನೆಯ ಅಥವಾ ನೆರೆಯ ಇಬ್ಬರು ಹಿರಿಯರು ಒಪ್ಪಿ, ಅರ್ಥ ಹೇಳಿದರೆ ಅದಕ್ಕೆ ಇಮ್ಮಡಿ ಅಂಕ. ಆ ಪದವನ್ನು ಅರ್ಥಸಹಿತ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಲಯಾಳದ ಪದವನ್ನು ಇಟ್ಟ ಮಗುವನ್ನು ಗದರಬೇಡಿ. ಅದರ ಕನ್ನಡದ ನಂಟನನ್ನು ಹುಡುಕಲು ಹೇಳಿ. ಅಲ್ಲಿಯ ‘ಪಲ್ಲ್’ ನಮ್ಮ ‘ಹಲ್ಲು’, ಅಲ್ಲಿಯ ‘ಪಾಲ್’ ನಮ್ಮ ‘ಹಾಲು’. ಹಳಗನ್ನಡದಲ್ಲಿ ನಮ್ಮ ‘ಹಳ್ಳಿ’ಯೂ ‘ಪಳ್ಳಿ’ಯೇ ಆಗಿತ್ತೆಂದು ತಿಳಿದಾಗ ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಅದು ಹೊರೆಯಲ್ಲ, ಕೈಯಲ್ಲಿರುವ ಹೆಚ್ಚಿನ ಬಿಲ್ಲೆ ಎಂದು ಅನಿಸೀತು.

ಆ್ಯಪ್‌ನಿಂದ ತಂತ್ರ ಕಲಿಯಲಿ, ಅಡ್ಡಿಯಿಲ್ಲ. ಪದಗಳನ್ನು ಮಾತ್ರ ಮನೆಯ ಹಿರಿಯರಿಂದಲೇ ಕಲಿಯಲಿ. ಬರುವ ರಜೆಗೆ ಬೇಕಾದುದು ಒಂದು ಹಳೆಯ ರಟ್ಟಿನ ಪೆಟ್ಟಿಗೆ, ಕತ್ತರಿ, ಮತ್ತು ಜೊತೆಗೆ ಕುಳಿತುಕೊಳ್ಳಲು ಒಬ್ಬ ಅಜ್ಜನೋ ಅಜ್ಜಿಯೋ.