ಗಾಲ್ಫ್ ಗಾಡಿ ಕಲಿಸುವ ಪಾಠ

ಯಂತ್ರಕ್ಕೆ ಹಣ ಕೊಟ್ಟವರೆಲ್ಲರೂ ಅದರ ಒಡೆಯರಾಗುವುದಿಲ್ಲ. ಹಣದಿಂದ ದೊರೆಯುವುದು ಸ್ವಾಮ್ಯದ ಹಕ್ಕು ಮಾತ್ರ. ಯಂತ್ರವು ತೋರಿಸುವ ಅಂಕೆಯ ಅರ್ಥವೇನು, ಅದು ನಿಂತಾಗ ನಿಂತುದೇಕೆ ಎಂಬುದನ್ನು ಬಲ್ಲವನೇ ಅದರ ನಿಜವಾದ ಒಡೆಯ. ಈ ಮಾತನ್ನು ಸಮರ್ಥಿಸಲು ರೈಲಿನ ಎಂಜಿನ್ನನ್ನೋ ವಿಮಾನವನ್ನೋ ಉದಾಹರಣೆಗೆ ತರಬೇಕಾಗಿಲ್ಲ. ಗಾಲ್ಫ್ ಆಟಗಾರನ ಚೀಲವನ್ನು ಹೊತ್ತು ಸಾಗುವ ಮೂರು ಗಾಲಿಯ ಪುಟ್ಟ ವಿದ್ಯುತ್ ಗಾಡಿಯೊಂದು ಸಾಕು.

ಈ ಆಟವನ್ನು ನೋಡದ ವಾಚಕರಿಗಾಗಿ ಒಂದೆರಡು ಮಾತು. ವಿಶಾಲವಾದ ಹುಲ್ಲುಗಾವಲಿನಲ್ಲಿ ಅಲ್ಲಲ್ಲಿ ೧೮ ಕುಳಿಗಳಿರುತ್ತವೆ. ಆಟಗಾರನು ಚೆಂಡನ್ನು ದಾಂಡಿನಿಂದ ಹೊಡೆಯುತ್ತ, ಒಂದಾದ ಮೇಲೊಂದು ಕುಳಿಗೆ ಕೆಡವುತ್ತ, ಒಂದು ಸುತ್ತು ಮುಗಿಸುವಷ್ಟರಲ್ಲಿ ೮ ಕಿಲೋಮೀಟರಿನಷ್ಟು, ಅನೇಕ ವೇಳೆ ಅದಕ್ಕಿಂತ ಹೆಚ್ಚು, ನಡೆದಿರುತ್ತಾನೆ. ದೂರಕ್ಕೆ ತಕ್ಕ ದಾಂಡು ಬೇಕಾದುದರಿಂದ ೧೪ ದಾಂಡುಗಳವರೆಗೆ ಒಯ್ಯಲು ನಿಯಮವು ಅವಕಾಶ ಕೊಟ್ಟಿದೆ. ಚೀಲದ ತೂಕ ೧೦ ಕಿಲೋಗ್ರಾಂ ಮೀರುವುದು ಸಾಮಾನ್ಯ. ಇದನ್ನು ಹೊರುವವನಿಗೆ ಕ್ಯಾಡಿ ಎಂದು ಹೆಸರು. ಅವನು ಹೆಗಲಿನಿಂದ ಚೀಲ ಹೊರುತ್ತಾನೆ. ಕಣ್ಣಳತೆಯಿಂದ ದೂರ ಹೇಳುತ್ತಾನೆ. ಗಾಳಿ ಏರಿಳಿತಗಳನ್ನು ನೋಡಿ, ಇಂಥ ದಾಂಡನ್ನು ಹಿಡಿಯಿರೆಂದು ಸಲಹೆಯನ್ನೂ ಕೊಡುತ್ತಾನೆ. ೧೮೭೬ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ ಸೇರಿದಂತೆ ನಮ್ಮ ದೇಶದ ಮೈದಾನಗಳಲ್ಲಿ ಕ್ಯಾಡಿಗಳು ಇಂದಿಗೂ ಇದ್ದಾರೆ. ಆಟದ ತವರಾದ ಬ್ರಿಟನ್ನಿನಲ್ಲಾದರೋ ಬಹುಮಂದಿ ಆಟಗಾರರು ತಮ್ಮ ಚೀಲವನ್ನು ತಾವೇ ಸಾಗಿಸಬೇಕು. ೧೯೮೦ರ ದಶಕದಿಂದೀಚೆಗೆ ಅಲ್ಲಿ ವಿದ್ಯುತ್ ಗಾಡಿ ಬಳಕೆಗೆ ಬಂದುದು ಇದರಿಂದಲೇ. ಈಚೆಗೆ ಅದರ ಹಿಡಿಯ ಬಳಿ ಜಿ.ಪಿ.ಎಸ್. ಪರದೆಯೂ ಸೇರಿದೆ. ಹೀಗೆ ಮೋಟಾರು ಹೆಗಲಿನ ಕೆಲಸವನ್ನೂ, ಪರದೆ ಕಣ್ಣಿನ ಕೆಲಸವನ್ನೂ ವಹಿಸಿಕೊಂಡಿವೆ. ಕ್ಯಾಡಿಯ ಮೂರನೆಯ ಕೆಲಸವಾದ ವಿವೇಚನೆಯನ್ನು ಮಾತ್ರ ಯಾರೂ ವಹಿಸಿಕೊಂಡಿಲ್ಲ. ಅದು ಗಾಡಿಯ ಒಡೆಯನ ಪಾಲಿಗೆ ಉಳಿದಿದೆ.

ಉಳ್ಳವರ ಆಟದ ಸಾಮಾನಿನ ಚರ್ಚೆ ನಮಗೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಈ ಗಾಡಿಯಲ್ಲಿರುವ ಲಿಥಿಯಂ ಬ್ಯಾಟರಿಯೇ ನಿಮ್ಮ ಬೀದಿಯ ವಿದ್ಯುತ್ ಸ್ಕೂಟರಿನಲ್ಲೂ ಇದೆ, ಇದರ ಜಿ.ಪಿ.ಎಸ್. ಗ್ರಾಹಕದಂಥದೇ ನಿಮ್ಮ ಜೇಬಿನ ಫೋನಿನಲ್ಲೂ ಇದೆ. ದೊಡ್ಡ ಯಂತ್ರಗಳಲ್ಲಿ ಮರೆಯಾಗಿರುವ ಸಂಗತಿಗಳು ಈ ಚಿಕ್ಕ ಗಾಡಿಯಲ್ಲಿ ಕೈಗೆಟಕುವಂತಿವೆ.

ಕೆಲವು ವರ್ಷಗಳ ಹಿಂದೆ ನಾನು ಸ್ಕಾಟ್ಲೆಂಡಿನಲ್ಲಿ ವೈದ್ಯರಾಗಿರುವ ನನ್ನ ಸೋದರಮಾವನವರ ಮನೆಗೆ ಹೋಗಿದ್ದೆನು. ಅವರ ಗಾಡಿ ಬಯಲಿನಲ್ಲಿ ಚೆನ್ನಾಗಿ ಓಡುತ್ತಿತ್ತು. ದಿಬ್ಬ ಏರುವಾಗ ಮಾತ್ರ ತಟಕ್ಕನೆ ನಿಂತುಬಿಡುತ್ತಿತ್ತು. ಮಾರಿದ ಅಂಗಡಿಯವರನ್ನು ಕೇಳಿದ್ದಾಗಿತ್ತು. “ಬ್ಯಾಟರಿಯ ಆಯುಸ್ಸು ಮುಗಿಯಿತಂತೆ ಕಣಪ್ಪ, ಹೊಸದನ್ನೇ ಕೊಳ್ಳಬೇಕಂತೆ” ಎಂದರು ಮಾವ. ಆ ಬ್ಯಾಟರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಬೇರೆಯ ಬ್ಯಾಟರಿ ತರುವ ಮೊದಲು ಲೆಕ್ಕ ಹಾಕೋಣವೆಂದು ಕುಳಿತೆವು. ಚೀಲವೂ ಗಾಡಿಯೂ ಸೇರಿ ೨೫ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಹುಲ್ಲಿನ ಮೇಲೆ ಉರುಳುವಾಗ ಎದುರಾಗುವ ತಡೆ, ತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ ಸುಮಾರು ೨೫ ನ್ಯೂಟನ್ ಎಂದು ಎಣಿಸೋಣ. ೮ ಕಿಲೋಮೀಟರು ಸಾಗಲು ಬೇಕಾದ ಶಕ್ತಿ ೨ ಲಕ್ಷ ಜೂಲ್, ಅಂದರೆ ಸುಮಾರು ೫೫ ವ್ಯಾಟ್-ಗಂಟೆ. ಮೋಟಾರು ಮತ್ತು ಹಲ್ಲುಚಕ್ರಗಳಲ್ಲಿ ಅರ್ಧದಷ್ಟು ಶಕ್ತಿ ವ್ಯರ್ಥವಾಗುವುದೆಂದರೂ ೧೧೦ ವ್ಯಾಟ್-ಗಂಟೆಯಾಯಿತು. ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ೯೩ ವ್ಯಾಟ್-ಗಂಟೆ ಬೇಕಾಗುತ್ತದೆ. ಇಡೀ ಮೈದಾನವನ್ನು ಸುತ್ತುವ ಗಾಡಿಗೆ ಅದಕ್ಕಿಂತ ತುಸು ಹೆಚ್ಚು ಸಾಕು! ಮಾವನವರ ಬ್ಯಾಟರಿಯಾದರೋ ೧೨.೮ ವೋಲ್ಟಿನದು, ೧೬ ಆಂಪಿಯರ್-ಗಂಟೆಯದು. ಗುಣಿಸಿದರೆ ೨೦೫ ವ್ಯಾಟ್-ಗಂಟೆ. ಹಸಿ ಹುಲ್ಲಿಗೂ ದಿಬ್ಬಗಳಿಗೂ ಸಾಲುವಷ್ಟು ದಾಸ್ತಾನು ಅದರಲ್ಲಿತ್ತು. ಅದು ನಿಜವಾಗಿ ಕ್ಷೀಣಿಸಿದ್ದರೆ ಸುತ್ತಿನ ಕೊನೆಯಲ್ಲಿ ಸೋಲಬೇಕಿತ್ತು. ಆದರೆ ಗಾಡಿ ಎರಡನೆಯ ಕುಳಿಯ ದಿಬ್ಬದಲ್ಲಿ ನಿಂತು, ಬಯಲಿಗೆ ತಂದೊಡನೆ ಮತ್ತೆ ಓಡುತ್ತಿತ್ತು.

ಮರುದಿನ ದಿಬ್ಬದಲ್ಲಿ ಗಾಡಿ ನಿಂತ ಕೂಡಲೆ ಬ್ಯಾಟರಿಯಿಂದ ಬರುವ ತಂತಿಯ ಪ್ಲಗ್ಗನ್ನು ಮುಟ್ಟಿ ನೋಡಿದೆನು. ಅದು ಬಿಸಿಯಾಗಿತ್ತು. ಬಿಡಿಸಿ ನೋಡಿದರೆ ಒಳಗಿನ ಲೋಹದ ನಾಲಗೆ ಕಿಲುಬು ಹಿಡಿದು ಕಪ್ಪಾಗಿತ್ತು. ಮಳೆಯ ನಾಡಿನ ತೇವ ತನ್ನ ಕೆಲಸ ಮಾಡಿತ್ತು. ಇಷ್ಟರಿಂದ ಗಾಡಿ ನಿಲ್ಲುವುದುಂಟೇ? ಓಮ್‌ನ ನಿಯಮವನ್ನು ನೆನೆಯಿರಿ. ಕಿಲುಬಿನ ರೋಧ ಕೇವಲ ೦.೨ ಓಮ್ ಎಂದಿರಲಿ. ಬಯಲಿನಲ್ಲಿ ಮೋಟಾರು ೪ ಆಂಪಿಯರ್ ಎಳೆದರೆ ಅಲ್ಲಿ ನಷ್ಟವಾಗುವುದು ೦.೮ ವೋಲ್ಟ್, ಗಾಡಿಗೆ ಅದು ಲೆಕ್ಕಕ್ಕಿಲ್ಲ. ದಿಬ್ಬದಲ್ಲಿ ೧೨ ಆಂಪಿಯರ್ ಎಳೆದಾಗ ನಷ್ಟ ೨.೪ ವೋಲ್ಟ್. ನಿಯಂತ್ರಕವನ್ನು ಮುಟ್ಟುವ ವೇಳೆಗೆ ೧೨.೮ ವೋಲ್ಟ್ ೧೦.೪ಕ್ಕೆ ಇಳಿದಿರುತ್ತದೆ. ಆಗ ಅದು ಬ್ಯಾಟರಿ ಬರಿದಾಯಿತೆಂದು ತಿಳಿದು ಪ್ರವಾಹವನ್ನು ಕಡಿದುಬಿಡುತ್ತದೆ. ಪ್ಲಗ್ಗಿನಲ್ಲಿ ಹುಟ್ಟುವ ಶಾಖವೂ ಸುಮಾರು ೨೯ ವ್ಯಾಟ್. ರೇಡಿಯೋ ದುರಸ್ತಿಯವರು ಬೆಸುಗೆ ಹಾಕುವ ಸಣ್ಣ ಕಡ್ಡಿಗೆ ೨೫ ವ್ಯಾಟ್ ಸಾಕೆಂಬುದನ್ನು ಗಮನಿಸಿರಿ.

ಬ್ಯಾಟರಿಯನ್ನು ಬೇರ್ಪಡಿಸಿ, ಲೋಹವನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಒರೆಸಿ ಒಣಗಿಸಿ, ಸಡಿಲವಾಗಿದ್ದ ಹಿಡಿತವನ್ನು ಬಿಗಿಗೊಳಿಸಿದೆವು. ಗಾಡಿ ದಿಬ್ಬವನ್ನೇರಿತು. ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಪರದೆ ಬ್ಯಾಟರಿ ಖಾಲಿಯೆಂದು ತೋರಿಸಿತು. ಅವರು ಅದನ್ನು ಓದಿದರು. ಓದುವುದಕ್ಕೂ ಅರ್ಥಮಾಡಿಕೊಳ್ಳುವುದಕ್ಕೂ ಇರುವ ಅಂತರದಲ್ಲಿ ಒಂದು ಒಳ್ಳೆಯ ಬ್ಯಾಟರಿ ಕಸವಾಗುವುದರಲ್ಲಿತ್ತು. ಗಣಿಯಿಂದ ಅಗೆದು, ಸಾವಿರಾರು ಮೈಲಿ ಸಾಗಿಸಿ, ಬಹು ಶ್ರಮದಿಂದ ಮಾಡಿದ ವಸ್ತು ಅದು. ನನ್ನ ವಾದಕ್ಕೆ ಇದೇ ಆಧಾರ.

ದೂರ ತೋರಿಸುವ ಅಂಕೆಗೂ ಇದೇ ಮಾತು ಸಲ್ಲುತ್ತದೆ. ಜಿ.ಪಿ.ಎಸ್. ಮಾನವನ ಸಾಹಸಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ. ಇದರ ಮೊದಲ ಉಪಗ್ರಹವನ್ನು ಅಮೆರಿಕವು ೧೯೭೮ರಲ್ಲಿ ಹಾರಿಸಿತು. ವ್ಯವಸ್ಥೆ ಪೂರ್ಣವಾದುದು ೧೯೯೫ರಲ್ಲಿ. ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ತಮ್ಮ ಗಡಿಯಾರದ ಹೊತ್ತನ್ನು ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತವೆ. ಅಲೆ ತಲಪಲು ಹಿಡಿದ ಕಾಲದಿಂದ ಗ್ರಾಹಕವು ದೂರವನ್ನು ಎಣಿಸುತ್ತದೆ. ನಾಲ್ಕು ಉಪಗ್ರಹಗಳು ದೊರೆತರೆ ತನ್ನ ಸ್ಥಾನವನ್ನೂ ಸರಿಯಾದ ಹೊತ್ತನ್ನೂ ಕಂಡುಕೊಳ್ಳುತ್ತದೆ. ಕಾಲದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರದಲ್ಲಿ ೩೦೦ ಮೀಟರು ತಪ್ಪುತ್ತದೆ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದಂತೆ ಆ ಎತ್ತರದ ಗಡಿಯಾರಗಳು ದಿನವೊಂದಕ್ಕೆ ಇಂಥ ೩೮ ಪಾಲುಗಳಷ್ಟು ಮುಂದೆ ಓಡುತ್ತವೆ. ಅದಕ್ಕೂ ತಿದ್ದುಪಾಟು ಮಾಡಿಯೇ ನಮಗೆ ಅಂಕೆಯನ್ನು ಕೊಡುತ್ತಾರೆ.

ಇಷ್ಟಾದರೂ ಪರದೆಯಲ್ಲಿ ಮೂಡುವ ‘೧೪೨ ಗಜ’ ಎಂಬುದು ೧೪೨ ಗಜವಲ್ಲ! ಸಾಧಾರಣ ಗ್ರಾಹಕವು ತೆರೆದ ಬಾನಿನಡಿಯಲ್ಲೂ ನಾಲ್ಕೈದು ಮೀಟರು ಆಚೀಚೆ ಹೇಳಬಹುದು. ಮರಗಳ ಕೆಳಗೆ ಇನ್ನೂ ಹೆಚ್ಚು. ಆದುದರಿಂದ ಆ ಅಂಕೆಯನ್ನು ‘೧೩೭ರಿಂದ ೧೪೭ರೊಳಗೆ’ ಎಂದು ಓದತಕ್ಕದ್ದು. ಮೇಲಾಗಿ ಅದು ಯಾವುದಕ್ಕೆ ಇರುವ ದೂರ? ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳವಿರುತ್ತದೆ. ಸಾಮಾನ್ಯವಾಗಿ ಪರದೆ ಹೇಳುವುದು ಆ ಅಂಗಳದ ಮುಂಚು, ನಡು, ಹಿಂಚುಗಳ ದೂರವನ್ನು. ಕುಳಿಯನ್ನೋ ಮೈದಾನದವರು ಆಗಾಗ ಬೇರೆ ಜಾಗದಲ್ಲಿ ಕೊರೆಯುತ್ತಾರೆ. ಉಪಗ್ರಹಕ್ಕೆ ಅದರ ಸುದ್ದಿಯಿಲ್ಲ. ಗಾಡಿಯ ನೆನಪಿನಲ್ಲಿರುವ ನಕ್ಷೆ ಹಿಂದೆಂದೋ ತಯಾರಿಸಿದ್ದು. ಅಂಗಳವನ್ನು ಹೊಸದಾಗಿ ಕಟ್ಟಿದ್ದು, ನಕ್ಷೆ ಹಳತಾಗಿದ್ದರೆ, ಗಾಡಿ ಇಲ್ಲದ ಅಂಗಳದ ದೂರವನ್ನು ಧೈರ್ಯವಾಗಿ ಹೇಳುತ್ತದೆ.

ಆಟದ ನಿಯಮಗಳನ್ನು ಮಾಡಿದವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದಾರೆ. ೨೦೧೯ರ ಪರಿಷ್ಕೃತ ನಿಯಮಗಳು ದೂರ ಅಳೆಯುವ ಸಾಧನಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಕೊಟ್ಟವು. ಆದರೆ ನೆಲದ ಏರಿಳಿತವನ್ನು ಅಳೆಯುವುದಾಗಲಿ, ಚೆಂಡು ಇರುವ ಜಾಗವನ್ನು ನೋಡಿ ಯಾವ ದಾಂಡನ್ನು ಹಿಡಿಯಬೇಕೆಂದು ಸೂಚಿಸುವುದಾಗಲಿ ಸಾಧನಕ್ಕೆ ಸಲ್ಲದೆಂದವು. ಕ್ಯಾಡಿಯಾದರೋ ಆ ಸಲಹೆಯನ್ನು ಕೊಡಬಹುದು. ಅಳತೆ ಯಂತ್ರಕ್ಕೆ, ನಿರ್ಣಯ ಮನುಷ್ಯನಿಗೆ ಎಂಬ ಈ ಹಂಚಿಕೆ ಆಟದ ಮೈದಾನಕ್ಕೆ ಮಾತ್ರ ಮೀಸಲಾಗಬಾರದು ಎಂಬುದು ನನ್ನ ಅಭಿಪ್ರಾಯ.

ಇಂಥ ನಿರ್ಣಯಶಕ್ತಿ ಹುಟ್ಟುವುದು ದಿನದಿನದ ಉಪಚಾರದಿಂದ. ಸುತ್ತು ಮುಗಿದ ಮೇಲೆ ಗಾಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ರಭಸದ ನೀರು ಬಿಟ್ಟರೆ ಅದು ಬೇರಿಂಗಿಗೂ ವಿದ್ಯುತ್ ಭಾಗಗಳಿಗೂ ನುಗ್ಗುತ್ತದೆ. ಗಾಲಿಗಳನ್ನು ಕಳಚಿ ಅಚ್ಚಿಗೆ ಸುತ್ತಿಕೊಂಡ ಹುಲ್ಲನ್ನು ಬಿಡಿಸಬೇಕು. ಮತ್ತೆ ತೊಡಿಸುವಾಗ ಎಡಬಲಗಳನ್ನು ಅದಲುಬದಲು ಮಾಡಬಾರದು. ಅನೇಕ ಗಾಡಿಗಳ ಗಾಲಿಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಏರ್ಪಾಡಿರುತ್ತದೆ. ಚೀಲವನ್ನು ಏರಿಸುವಾಗಲೂ ಇಳಿಸುವಾಗಲೂ ಪ್ರವಾಹ ನಿಲ್ಲಿಸಿರಬೇಕು. ಕೈತಪ್ಪಿ ಓಡಿದ ಗಾಡಿ ಕೆರೆಯ ಪಾಲಾದೀತು.

ಬ್ಯಾಟರಿಯ ಜಾತಿಯನ್ನು ತಿಳಿಯದೆ ಉಪಚಾರ ಮಾಡುವುದು ರೋಗ ತಿಳಿಯದೆ ಮದ್ದು ಕೊಟ್ಟಂತೆ. ಸೀಸ-ಆಮ್ಲದ ಬ್ಯಾಟರಿಯನ್ನು ಪ್ರತಿ ಸುತ್ತಿನ ನಂತರ ಪೂರ್ತಿ ತುಂಬಿಸಿಡಬೇಕು. ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂರುತ್ತವೆ. ಲಿಥಿಯಂ ಬ್ಯಾಟರಿಯದು ಬೇರೆ ಸ್ವಭಾವ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧದಷ್ಟು ತುಂಬಿಸಿ ತಂಪಾದ ಒಣ ಜಾಗದಲ್ಲಿಡುವುದು ಲೇಸು. ಹಿಮ ಬೀಳುವ ಊರಿನ ಕೊಟ್ಟಿಗೆಯಲ್ಲಿ, ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಅದನ್ನು ಚಾರ್ಜು ಮಾಡಲೇಬಾರದು. ಲಿಥಿಯಂ ಗ್ರಾಫೈಟಿನೊಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಕಟ್ಟಿಕೊಂಡು ಬ್ಯಾಟರಿ ಕೆಡುತ್ತದೆ, ಅಪಾಯಕ್ಕೂ ಎಡೆಯಾಗುತ್ತದೆ. ಒಂದು ಜಾತಿಯ ಚಾರ್ಜರನ್ನು ಇನ್ನೊಂದಕ್ಕೆ ಹಾಕಬಾರದು.

ಎಲ್ಲರೂ ಎಲ್ಲವನ್ನೂ ಬಿಚ್ಚಿ ನೋಡಬೇಕೆಂದು ಇದರ ಅರ್ಥವಲ್ಲ. ಮೊಹರು ಮಾಡಿದ ಲಿಥಿಯಂ ಪೆಟ್ಟಿಗೆಯನ್ನು ಕೊಯ್ಯುವುದೂ ಮನೆಯ ವಿದ್ಯುತ್ತಿಗೆ ತಗುಲಿದ ಚಾರ್ಜರನ್ನು ತೆರೆಯುವುದೂ ಪ್ರಾಣಕ್ಕೆ ಸಂಚಕಾರ. ಎಲ್ಲಿಯವರೆಗೆ ನಮ್ಮ ಕೈ, ಎಲ್ಲಿಂದಾಚೆಗೆ ತಜ್ಞರ ಕೈ ಎಂಬುದನ್ನು ಅರಿಯುವುದೂ ಅರಿವಿನ ಭಾಗವೇ. ಕಾನೂನೂ ತಕ್ಕಮಟ್ಟಿಗೆ ನೆರವಾಗುತ್ತಿದೆ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ಭಾರತ ಸರ್ಕಾರದ ೨೦೨೨ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆದರೆ ಎಸೆಯುವುದಕ್ಕೆ ಮುಂಚೆ, ಇದು ನಿಜವಾಗಿ ಕೆಟ್ಟಿದೆಯೇ ಎಂದು ಕೇಳುವ ಹೊಣೆಯನ್ನು ಯಾವ ಸರ್ಕಾರವೂ ನಮ್ಮ ಪರವಾಗಿ ಹೊರಲಾರದು.

ವಿದ್ಯಾರ್ಥಿ ಮಿತ್ರರೇ, ಗಾಲ್ಫ್ ಗಾಡಿ ನಿಮ್ಮಲ್ಲಿ ಇಲ್ಲದಿರಬಹುದು. ಶಾಲೆಯ ಆಟದ ಬಯಲಂತೂ ಇದೆ. ಎರಡು ಮರಗಳ ನಡುವಣ ದೂರವನ್ನು ಮೊದಲು ಟೇಪಿನಿಂದ ಅಳೆಯಿರಿ. ಆಮೇಲೆ ಫೋನಿನ ಜಿ.ಪಿ.ಎಸ್. ನೆರವಿನಿಂದ ಅದೇ ದೂರವನ್ನು ಐದು ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಬರೆದಿಡಿರಿ. ಐದು ಅಂಕೆಗಳೂ ಒಂದೇ ಆಗಿರುತ್ತವೆಯೇ? ಟೇಪಿನ ಅಂಕೆಗೆ ಎಷ್ಟು ಹತ್ತಿರವಾಗಿವೆ? ಮರದ ನೆರಳಿನಲ್ಲಿ ನಿಂತಾಗ ವ್ಯತ್ಯಾಸ ಹೆಚ್ಚಿತೇ? ಇದನ್ನು ಮಾಡಿ ನೋಡಿದ ಬಳಿಕ ಮನೆಯ ಸ್ಕೂಟರು ದಿಬ್ಬದಲ್ಲಿ ನಿಂತರೆ, ಅಂಗಡಿಗೆ ಓಡುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ.