ನೈಸ್ ಆಗಿರೋದು ಯಾರು?

‘ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ತಾನೆ? ರಾತ್ರಿ ಕೊಟ್ಟರೇನು, ಹಗಲು ಕೊಟ್ಟರೇನು?’ ಅಂದ ಆಫೀಸಿನ ಗೆಳೆಯ. 10 ಎಚ್‌ಪಿವರೆಗೆ ಪುಕ್ಕಟೆಯೇ, ಒಪ್ಪಿದೆ. ಮಿಕ್ಕಿದ್ದನ್ನ ಅವನ ಭಾಷೇಲೇ ಹೇಳ್ತೀನಿ.

ಲಿನಕ್ಸಿನಲ್ಲಿ ಮಾಮೂಲಿ ಪ್ರೋಸೆಸ್ಸುಗಳಿಗೆಲ್ಲ ಒಂದೊಂದು ನೈಸ್ ಅಂಕ, -20ರಿಂದ 19ರವರೆಗೆ. ಅಂಕ ಹೆಚ್ಚಾದಷ್ಟೂ ಸರದಿಯಲ್ಲಿ ಹಿಂದೆ. 2007ರಲ್ಲಿ ಬಂದ ಸಿಎಫ್‌ಎಸ್ ಶೆಡ್ಯೂಲರಿನ ಲೆಕ್ಕದಲ್ಲಿ ಸೊನ್ನೆಯವನ ತೂಕ 1024, ಹತ್ತೊಂಬತ್ತರವನದು 15. ಇಬ್ಬರೂ ಒಂದೇ ಸಿಪಿಯುಗೆ ಜಗ್ಗಾಡಿದರೆ ಎರಡನೆಯವನಿಗೆ ನೂರಕ್ಕೆ ಒಂದೂವರೆ ಪಾಲೂ ದಕ್ಕಲ್ಲ. ಸಿಪಿಯು ಖಾಲಿಯಿದ್ದರೆ ಮಾತ್ರ ಪೂರ್ತಿ ಅವನದೇ. ಅದಕ್ಕೇ ನಾವು ಬ್ಯಾಕಪ್ಪಿನಂಥ ಕೆಲಸಕ್ಕೆ ನೈಸ್ 19 ಹಾಕಿ, ಮುಂದೆ ನೋಹಪ್ ಸೇರಿಸಿ, ಕೊನೆಗೊಂದು ಆಂಪರ್‌ಸ್ಯಾಂಡ್ ಒತ್ತಿ, ಲಾಗೌಟ್ ಆಗಿ ಮಲಗ್ತೀವಿ. ಅದರ ಪಾಡಿಗೆ ಅದು ಹಿಂದೆ ಓಡ್ತಿರುತ್ತೆ.

ಕರೆಂಟಿನವರ ತರ್ಕವೂ ಇದೇ. ನಿರಂತರ ಜ್ಯೋತಿಯಲ್ಲಿ ಮನೆ ಫೀಡರು, ಪಂಪ್‌ಸೆಟ್ ಫೀಡರು ಬೇರೆಯಾದವು. ಲೋಡು ಕಮ್ಮಿಯಿರೋ ಹೊತ್ತಿಗೆ ತೋಟಕ್ಕೆ ತ್ರೀ ಫೇಸ್. ಎಂಜಿನಿಯರಾಗಿ ನಾನಿದನ್ನ ತಪ್ಪು ಅನ್ನಲಾರೆ.

ಆದರೆ ನನ್ನ ಬ್ಯಾಕಪ್ ಓಡುವಾಗ ನಾನು ಮಲಗಿರ್ತೀನಿ. ತಿಪಟೂರಿನ ಹತ್ರ ನಮ್ಮ ತೆಂಗಿನ ತೋಟದಲ್ಲಿ ಅಪ್ಪ ಮಲಗಿರಲ್ಲ. ಆಟೋ ಸ್ಟಾರ್ಟರ್ ಇದೆಯಲ್ಲ ಅಂತೀರಾ? ಅದು ಮೋಟರು ಶುರು ಮಾಡುತ್ತೆ, ಗೇಟ್ ವಾಲ್ವ್ ತಿರುಗಿಸಲ್ಲ. ಬೋರಿನಲ್ಲಿ ನೀರು ಬಿಟ್ಟು ಬಿಟ್ಟು ಬಂದರೆ ಮೋಟರು ಸುಟ್ಟೀತು ಅಂತ ನಿದ್ದೆಯಲ್ಲೂ ಕಿವಿ ಅಲ್ಲೇ. ಹಾವು, ಚಿರತೆಯ ಹೊತ್ತಲ್ಲಿ ಟಾರ್ಚು ಹಿಡಿದು ಈ ಸಾಲಿಂದ ಆ ಸಾಲಿಗೆ. ಹೋದ ಬೇಸಿಗೇಲಿ ರಾತ್ರಿ ಎರಡಕ್ಕೆ ನಾನೇ ಎದ್ದು ಹೊರಟರೆ, ‘ನೀನ್ ಮಲ್ಕೊಳಪ್ಪ, ಬೆಳಗ್ಗೆ ನಿಂಗೆ ಮೀಟಿಂಗ್ ಐತೆ’ ಅಂದ್ರು. ನನ್ನ ಮೀಟಿಂಗಿಗೋಸ್ಕರ ತಮಗೇ 19 ಹಾಕ್ಕೊಂಡ್ರು!

ಇನ್ನೊಂದು ನಿಯಮವಿದೆ. ಸಾಮಾನ್ಯ ಬಳಕೆದಾರ ತನ್ನ ನೈಸ್ ಅಂಕ ಏರಿಸಿಕೊಳ್ಳಬಹುದು, ಇಳಿಸೋಕೆ ರೂಟ್ ಬೇಕು. ಒಮ್ಮೆ 19 ಮಾಡ್ಕೊಂಡು, ಆಮೇಲೆ ರೀನೈಸ್ ಕೊಟ್ಟು ಸೊನ್ನೆಗೆ ಬರ್ತೀನಿ ಅಂದ್ರೆ ‘ಪರ್ಮಿಷನ್ ಡಿನೈಡ್’. ತುರುವೇಕೆರೆಯವನಾಗಲಿ, ಚಿಕ್ಕನಾಯಕನಹಳ್ಳಿಯವನಾಗಲಿ, ರಾತ್ರಿ ಪಾಳಿ ಬೇಡ ಅಂತ ತಾನೇ ಬದಲಿಸಿಕೊಳ್ಳೋಕೆ ಆಗುತ್ತಾ? ರೂಟ್ ಪಾಸ್‌ವರ್ಡ್ ಇರೋದು ಬೆಂಗಳೂರಲ್ಲಿ.

ದಾರಿ ಇಲ್ಲ ಅನ್ನಬೇಡಿ. ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರಿಗೇ ಸೋಲಾರ್ ಜೋಡಿಸಬಹುದು. ಬಿಸಿಲಲ್ಲಿ ಹುಟ್ಟೋ ಕರೆಂಟನ್ನ ಹಗಲಲ್ಲೇ ಕೊಡಬಹುದು. ಆ ಕೆಲಸವನ್ನೂ ನೈಸ್ 19ರಲ್ಲಿ ಓಡಿಸ್ತಿದ್ದೀರಲ್ಲ, ಅದೇ ನನ್ನ ತಕರಾರು. ನಮ್ಮ ಫೀಡರಿಗೆ ಈ ವಾರವೂ ರಾತ್ರಿ ಪಾಳಿ.