ಗಾಳಿಯನ್ನು ನಿರ್ಲಕ್ಷಿಸಿ



ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಈಚೆಗೆ ಒಂದು ಸಂದೇಶ ಬಂದಿತ್ತು. ನಮ್ಮ ದೇಶದಲ್ಲಿಯೇ ತಯಾರಾದ ಹೊಸ ಫಿರಂಗಿ 48 ಕಿಲೋಮೀಟರ್ ದೂರ ಹೊಡೆಯುತ್ತದೆಯಂತೆ, ಆದ್ದರಿಂದ ಇನ್ನು ಮುಂದೆ ಗಡಿಯಾಚೆಯ ಶತ್ರುವಿಗೆ ಅಡಗಲು ಜಾಗವೇ ಇಲ್ಲವಂತೆ. ಕೆಳಗೆ ಸಾಲುಸಾಲಾಗಿ ಚಪ್ಪಾಳೆಯ ಚಿತ್ರಗಳು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ತಂಗಿಯ ಮಗನಿದ್ದಾನೆ. ನನ್ನ ಬಳಿಯೇ ಹತ್ತನೆಯ ತರಗತಿಯ ವಿಜ್ಞಾನ ಕಲಿತು, ಈಗ ನಂಟಸ್ತನದಿಂದ ಅದೇ ಗುಂಪಿನಲ್ಲಿ ಸೇರಿಕೊಂಡಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಸಂದೇಶದ ಮೊದಲರ್ಧ ನಿಜ. 2017ರಲ್ಲಿ ಪೋಖ್ರಾನಿನಲ್ಲಿ ನಡೆದ ಪರೀಕ್ಷೆಯಲ್ಲಿ ಡಿ.ಆರ್.ಡಿ.ಓ. ರೂಪಿಸಿದ 155 ಮಿಲಿಮೀಟರಿನ ಆ ಫಿರಂಗಿ 48 ಕಿಲೋಮೀಟರ್ ಮುಟ್ಟಿತು. 2025ರ ಮಾರ್ಚಿನಲ್ಲಿ ಅಂತಹ 307 ಫಿರಂಗಿಗಳಿಗೆ ಒಪ್ಪಂದವೂ ಆಯಿತು. ಅದನ್ನು ಕಟ್ಟಿದ ಎಂಜಿನಿಯರುಗಳ ಬಗ್ಗೆ ನನಗೆ ಗೌರವವಿದೆ. ನನ್ನ ಜಗಳವಿರುವುದು ಚಪ್ಪಾಳೆಯೊಂದಿಗೆ. ಆ ಚಪ್ಪಾಳೆಯಲ್ಲಿ ನನ್ನದೂ ಒಂದು ಪಾಲು ತಪ್ಪಿದೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಗುರುತ್ವದ ಪಾಠ ಮುಗಿದ ಮೇಲೆ, ಪಠ್ಯದಲ್ಲಿ ಇರಲಿ ಬಿಡಲಿ, ಕಪ್ಪುಹಲಗೆಯ ಮೇಲೆ ಒಂದು ಫಿರಂಗಿ ಬರೆದು, ಕಮಾನಿನಂತಹ ಒಂದು ಗೆರೆ ಎಳೆದು, ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದರೆ ಗರಿಷ್ಠ ವ್ಯಾಪ್ತಿ, ಕೋನ 45 ಡಿಗ್ರಿ ಎಂದು ಬರೆಸುತ್ತಿದ್ದೆ. ಎಲ್ಲ ಲೆಕ್ಕಗಳ ಕೊನೆಯಲ್ಲೂ ಒಂದೇ ವಾಕ್ಯ: "ಗಾಳಿಯ ಪ್ರತಿರೋಧವನ್ನು ನಿರ್ಲಕ್ಷಿಸಿ." ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಗಾಳಿ ಇದ್ದೇ ಇರ್ತದಲ್ಲ?" ಎಂದ. "ಇಲ್ಲ ಅಂತ ತಿಳ್ಕೋ, ಕೂತ್ಕೋ" ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ.

ಈಗ ಆ ಲೆಕ್ಕವನ್ನೇ ಮಾಡಿ ನೋಡೋಣ. ಗುಂಡು ನಳಿಕೆಯಿಂದ ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ನನ್ನ ಸೂತ್ರದ ಪ್ರಕಾರ ಅದು 65 ಕಿಲೋಮೀಟರ್ ಹೋಗಬೇಕು. ಹೆಚ್ಚುಕಡಿಮೆ ಅಷ್ಟೇ ವೇಗದ ಬೋಫೋರ್ಸ್ ಫಿರಂಗಿಯ ಸಾಮಾನ್ಯ ಗುಂಡು ಹೋಗುವುದು ಸುಮಾರು 24 ಕಿಲೋಮೀಟರ್. ಉಳಿದ 41 ಕಿಲೋಮೀಟರುಗಳನ್ನು, ಅಂದರೆ ಅರ್ಧಕ್ಕಿಂತ ಹೆಚ್ಚನ್ನು, ನಾನು ನಿರ್ಲಕ್ಷಿಸಿ ಎಂದ ಗಾಳಿ ನುಂಗಿತು. ಇದು ಹೊಸ ಸಂಗತಿಯೇನೂ ಅಲ್ಲ. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿಯೇ ಲೋಲಕವೊಂದಕ್ಕೆ ಗುಂಡು ಹೊಡೆದು ಅದರ ವೇಗವನ್ನು ಅಳೆದು, ವೇಗದ ಗುಂಡಿಗೆ ಗಾಳಿಯೊಡ್ಡುವ ತಡೆ ಯಾರೂ ಊಹಿಸದಷ್ಟು ದೊಡ್ಡದೆಂದು ತೋರಿಸಿದ್ದ. ಮಹಾಗಣಿತಜ್ಞ ಆಯ್ಲರ್ ಆ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ನಮ್ಮಿಂದ ಒಂದು ಹಗಲಿನ ಪ್ರಯಾಣದ ದೂರದಲ್ಲಿ ಸತ್ತವನ ಮಾತು ಇನ್ನೂರೈವತ್ತು ವರ್ಷಗಳಾದರೂ ನನ್ನ ಕಪ್ಪುಹಲಗೆಗೆ ತಲುಪಿರಲಿಲ್ಲ!

ಆ ಹಿಂದಿನ ಬೆಂಚಿನ ಹುಡುಗ ಸೈನ್ಯಕ್ಕೆ ಸೇರಿದ, ಅದೂ ಫಿರಂಗಿದಳಕ್ಕೆ. ರಜೆಯಲ್ಲಿ ಬಂದಾಗ ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿ, ಕಾಫಿ ಕುಡಿಯುತ್ತಾ, "ಸಾರ್, ನೀವು ಬರೆಸಿದ ಸೂತ್ರ ಅಲ್ಲಿ ಒಂದಿನಾನೂ ಉಪಯೋಗಕ್ಕೆ ಬರ್ಲಿಲ್ಲ" ಎಂದು ಬಲು ವಿನಯದಿಂದ ಹೇಳಿದ. ಗುಂಡು ಹಾರಿಸುವ ಮುನ್ನ ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ, ಎಷ್ಟು ವೇಗದಲ್ಲಿದೆ, ಅದರ ಉಷ್ಣತೆ, ಒತ್ತಡ ಎಷ್ಟು ಎಂಬ ವಿವರ ಬರಬೇಕು. ಮದ್ದಿನ ಉಷ್ಣತೆ ತಿಳಿಯಬೇಕು, ಏಕೆಂದರೆ ಚಳಿಯಲ್ಲಿ ಮದ್ದು ಮಂದವಾಗಿ ಉರಿಯುತ್ತದೆ. ನಳಿಕೆ ಎಷ್ಟು ಸವೆದಿದೆ ಎಂಬುದು ಒಂದೊಂದು ಫಿರಂಗಿಗೂ ಬೇರೆ ಬೇರೆ. ಇಷ್ಟೆಲ್ಲ ಆದ ಮೇಲೂ ಮೊದಲ ಗುಂಡು ಎಲ್ಲಿ ಬಿತ್ತು ಎಂದು ಕಣ್ಣಿಂದ ನೋಡಿ ಹೇಳುವವನೊಬ್ಬ ಮುಂದಿರಬೇಕು. "ದೂರ ಹೊಡೆಯೋದು ಫಿರಂಗಿ ಸಾರ್, ಸರಿಯಾಗಿ ಹೊಡೆಯೋದು ಮುಂದೆ ಕೂತು ನೋಡೋನು" ಎಂದ ಅವನು.

1999ರ ಕಾರ್ಗಿಲ್ ಕದನವನ್ನು ಬೋಫೋರ್ಸ್ ಗೆದ್ದುಕೊಟ್ಟಿತು ಎನ್ನುವವರು ಈ ಮಾತನ್ನು ಗಮನಿಸಬೇಕು. ಅಲ್ಲಿ ಫಿರಂಗಿದಳ ಸುಮಾರು 2,50,000 ಗುಂಡು, ರಾಕೆಟ್ಟುಗಳನ್ನು ಹಾರಿಸಿತು. ಆದರೆ ಬೋಫೋರ್ಸ್ ಅಲ್ಲಿ ಹೆಸರು ಮಾಡಿದ್ದು ತನ್ನ ಗರಿಷ್ಠ ದೂರದಿಂದಲ್ಲ. ಎದುರಿಗೆ ಕಾಣುವ ಶಿಖರದ ಬಂಕರುಗಳಿಗೆ ನೇರವಾಗಿ ಗುರಿಯಿಟ್ಟೂ ಅದನ್ನು ಬಳಸಿದರು. ಹತ್ತಿರಕ್ಕೆ ತಂದು, ಶತ್ರುವಿನ ಗುಂಡಿಗೆ ತಾವೂ ಈಡಾಗಿ ಹೊಡೆದರು. ಆ ಧೈರ್ಯವನ್ನು ಕಿಲೋಮೀಟರುಗಳಲ್ಲಿ ಅಳೆಯಲಾಗುವುದಿಲ್ಲ.

ಬರಿಯ ದೂರದ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಪ್ಯಾರಿಸ್ ತೋಪಿಗಿಂತ ದೊಡ್ಡ ನಿದರ್ಶನವಿಲ್ಲ. (ಇದನ್ನು 'ಬಿಗ್ ಬರ್ತಾ' ಎಂದು ಕರೆಯುವುದು ತಪ್ಪು. ಅದು ಕೋಟೆ ಒಡೆಯಲು ಮಾಡಿದ ಬೇರೆಯೇ ಫಿರಂಗಿ. ನಾನೂ ಬಹಳ ಕಾಲ ತಪ್ಪಾಗಿಯೇ ಹೇಳುತ್ತಿದ್ದೆ.) 1918ರ ಮಾರ್ಚ್ 23ರ ಬೆಳಿಗ್ಗೆ ಜರ್ಮನ್ನರು ಸುಮಾರು 120 ಕಿಲೋಮೀಟರ್ ದೂರದ ಕಾಡಿನಿಂದ ಪ್ಯಾರಿಸ್ ನಗರದ ಮೇಲೆ ಗುಂಡು ಹಾರಿಸಿದರು. ನೂರು ಕಿಲೋಗ್ರಾಮಿಗೂ ಮಿಕ್ಕ ತೂಕದ ಆ ಗುಂಡು ಸೆಕೆಂಡಿಗೆ 1,600 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಟು, ಸುಮಾರು 40 ಕಿಲೋಮೀಟರ್ ಎತ್ತರಕ್ಕೇರಿ, ಮೂರು ನಿಮಿಷಗಳ ತರುವಾಯ ಇಳಿಯುತ್ತಿತ್ತು. ನಳಿಕೆಯನ್ನು ಅವರು 45 ಡಿಗ್ರಿಗಲ್ಲ, 50 ಡಿಗ್ರಿ ದಾಟಿಸಿ ಎತ್ತಿದ್ದರು. ದಟ್ಟವಾದ ಗಾಳಿಯಿಂದ ಬೇಗ ಪಾರಾಗಿ ತೆಳುಗಾಳಿಯಲ್ಲಿ ಹೆಚ್ಚು ದೂರ ಸಾಗಲೆಂದು! ನನ್ನ ಪರೀಕ್ಷೆಯಲ್ಲಿ ಆ ಎಂಜಿನಿಯರುಗಳಿಗೆ ಸೊನ್ನೆಯೇ ಗತಿ. ಭೂಮಿ ತಿರುಗುವುದನ್ನೂ ಅವರು ಲೆಕ್ಕ ಹಾಕಿದ್ದರು. ಪ್ರತಿ ಗುಂಡಿಗೂ ನಳಿಕೆ ಸವೆಯುತ್ತಿದ್ದುದರಿಂದ ಗುಂಡುಗಳಿಗೆ ಕ್ರಮಸಂಖ್ಯೆ ಕೊಟ್ಟು, ಒಂದಕ್ಕಿಂತ ಒಂದನ್ನು ಕೊಂಚ ದಪ್ಪವಾಗಿ ಮಾಡಿದ್ದರು. ಸುಮಾರು 65 ಗುಂಡು ಹಾರಿಸುವಷ್ಟರಲ್ಲಿ ನಳಿಕೆ ಮುಗಿಯುತ್ತಿತ್ತು.

ಇಷ್ಟು ಬುದ್ಧಿ ಖರ್ಚು ಮಾಡಿ ಸಾಧಿಸಿದ್ದೇನು? ಒಂದು ಸೇತುವೆಗೋ ಒಂದು ರೈಲು ನಿಲ್ದಾಣಕ್ಕೋ ಗುರಿಯಿಡುವ ಶಕ್ತಿ ಅದಕ್ಕಿರಲಿಲ್ಲ. ಗುರಿಯ ಹೆಸರು 'ಪ್ಯಾರಿಸ್', ಅಷ್ಟೆ. ಮಾರ್ಚ್ 29, ಗುಡ್ ಫ್ರೈಡೇ, ಸೇಂಟ್ ಜರ್ವೇ ಚರ್ಚಿನ ಮೇಲೆ ಒಂದು ಗುಂಡು ಬಿತ್ತು. ಪ್ರಾರ್ಥನೆಗೆ ಕೂತಿದ್ದ ಸುಮಾರು 90 ಜನ ಚಾವಣಿಯಡಿ ಸಿಕ್ಕಿ ಸತ್ತರು. ಒಟ್ಟು ಸತ್ತವರು ಸುಮಾರು 250. ಜರ್ಮನಿ ಅದೇ ವರ್ಷ ನವೆಂಬರಿನಲ್ಲಿ ಸೋತಿತು.

ಹಡಗಿನ ತೋಪುಗಳದ್ದು ಇನ್ನೂ ವಿಚಿತ್ರ ಕಥೆ, ಅಲ್ಲಿ ಹೊಡೆಯುವವನೂ ತೇಲುತ್ತಾನೆ, ಹೊಡೆಸಿಕೊಳ್ಳುವವನೂ ಓಡುತ್ತಾನೆ. 1916ರ ಜಟ್ಲೆಂಡ್ ಕದನದಲ್ಲಿ ಬ್ರಿಟಿಷರು ಸುಮಾರು 4,500 ಭಾರಿ ಗುಂಡುಗಳನ್ನು ಹಾರಿಸಿದರು, ತಾಗಿದ್ದು ನೂರರ ಆಸುಪಾಸು. ಜರ್ಮನ್ನರದು ಸುಮಾರು 3,600ಕ್ಕೆ 120. ನೂರಕ್ಕೆ ಎರಡು ಮೂರು ಅಂಕ ತೆಗೆದವರನ್ನು ನಾವು ಯಾವ ಶಾಲೆಯಲ್ಲಿ ಪಾಸು ಮಾಡುತ್ತೇವೆ? ಮುಂದೆ ಜಪಾನಿನ 'ಯಮಾಟೊ' ಹಡಗಿನ 46 ಸೆಂಟಿಮೀಟರ್ ತೋಪುಗಳು 42 ಕಿಲೋಮೀಟರ್ ಹೊಡೆಯಬಲ್ಲವಾಗಿದ್ದವು. ಆದರೆ ಚಲಿಸುವ ಶತ್ರು ಹಡಗಿಗೆ ತೋಪಿನ ಗುಂಡು ತಾಗಿದ ಅತಿ ದೂರದ ದಾಖಲೆ ಸುಮಾರು 24 ಕಿಲೋಮೀಟರ್ ಮಾತ್ರ. 1940ರಲ್ಲಿ ಜರ್ಮನಿಯ 'ಶಾರ್ನ್‌ಹೋರ್ಸ್ಟ್' ಮತ್ತು ಬ್ರಿಟನ್ನಿನ 'ವಾರ್‌ಸ್ಪೈಟ್' ಆ ದಾಖಲೆಯನ್ನು ಹಂಚಿಕೊಂಡವು. ಅಷ್ಟು ದೂರಕ್ಕೆ ಗುಂಡು ಹೋಗಲು ಮುಕ್ಕಾಲು ನಿಮಿಷ ಬೇಕು. ಅಷ್ಟರಲ್ಲಿ 25 ನಾಟ್ ವೇಗದ ಹಡಗು ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸರಿದಿರುತ್ತದೆ. 1984ರ ಫೆಬ್ರುವರಿಯಲ್ಲಿ ಅಮೆರಿಕದ 'ನ್ಯೂಜೆರ್ಸಿ' ಲೆಬನಾನಿನ ಬೆಟ್ಟಗಳ ಮೇಲೆ ಸುಮಾರು 300 ಭಾರಿ ಗುಂಡುಗಳನ್ನು ಸುರಿಸಿತು. ಬೆಟ್ಟವೇನೂ ಓಡುತ್ತಿರಲಿಲ್ಲ, ಆದರೂ ಗುಂಡುಗಳು ಚದುರಿ ಬಿದ್ದವು. ಬೇರೆ ಬೇರೆ ಕಂತುಗಳ ಹಳೆಯ ಮದ್ದನ್ನು ಬೆರೆಸಿದ್ದರಿಂದ ಒಂದೊಂದು ಗುಂಡಿನ ವೇಗವೂ ಒಂದೊಂದಾಗಿತ್ತು.

"ಮೇಷ್ಟ್ರೇ, ಇದೆಲ್ಲ ಹಳೆಯ ಕಾಲದ ಪುರಾಣ, ಈಗ ಉಪಗ್ರಹದ ಮಾರ್ಗದರ್ಶನವಿದೆ" ಎಂದು ತಂಗಿಯ ಮಗ ಫೋನು ಮಾಡಿ ವಾದಿಸಿದ. (ಮನೆಯಲ್ಲಿ ಸೋದರಮಾವ, ವಾದಕ್ಕೆ ನಿಂತಾಗ ಮೇಷ್ಟ್ರು!) ಇದೆ, ಒಪ್ಪಿದೆ. 'ಎಕ್ಸ್‌ಕ್ಯಾಲಿಬರ್' ಎಂಬ ಗುಂಡು ಕೆಲವೇ ಮೀಟರುಗಳ ಅಂತರದಲ್ಲಿ ಬೀಳುತ್ತದೆ. ನಮ್ಮ ಸೈನ್ಯವೂ 2019ರಲ್ಲಿ ಅದನ್ನು ತರಿಸಿತು. ಆದರೆ ಉಕ್ರೇನಿನಲ್ಲಿ ರಷ್ಯನ್ನರು ಉಪಗ್ರಹದ ಸಂಕೇತಗಳನ್ನು ಕೆಡಿಸಲು ಕಲಿತ ಮೇಲೆ ಅದರ ಗುರಿಯ ನಂಬಿಕೆ ಕುಸಿಯಿತು. ಬೆಲೆಯ ಮಾತೂ ಇದೆ. ಅಮೆರಿಕದವರು 'ಜುಮ್‌ವಾಲ್ಟ್' ಎಂಬ ಯುದ್ಧನೌಕೆಗಳಿಗೆ ನೂರು ಕಿಲೋಮೀಟರಿಗೂ ಮೀರಿ ಹೊಡೆಯುವ ತೋಪುಗಳನ್ನು ಕೂರಿಸಿದರು. ಮೂವತ್ತೆರಡು ಹಡಗುಗಳ ಯೋಜನೆ ಮೂರಕ್ಕೆ ಇಳಿದಾಗ ಒಂದೊಂದು ಗುಂಡಿನ ಬೆಲೆ ಸುಮಾರು ಎಂಟು ಲಕ್ಷ ಡಾಲರಿಗೇರಿತು. 2016ರಲ್ಲಿ ಗುಂಡನ್ನೇ ಕೈಬಿಟ್ಟರು. ಗುಂಡಿಲ್ಲದ ತೋಪುಗಳು ವರ್ಷಗಟ್ಟಲೆ ಸಮುದ್ರದಲ್ಲಿ ಸುತ್ತಾಡಿದವು! ಅದೇ ದೇಶದ ಭೂಸೇನೆ 2020ರಲ್ಲಿ 70 ಕಿಲೋಮೀಟರ್ ದೂರದ ಗುರಿಯನ್ನು ಹೊಡೆದ ಉದ್ದ ನಳಿಕೆಯ ಫಿರಂಗಿಯ ಯೋಜನೆಯನ್ನು 2024ರಲ್ಲಿ ನಿಲ್ಲಿಸಿತು. ಒಂದು ಮುಖ್ಯ ಕಾರಣ, ನಳಿಕೆ ಬೇಗ ಸವೆಯುವುದು. 1918ರ ಅದೇ ರೋಗ.

ದೂರ ಹೊಡೆಯುವುದೇ ಬೇಡ ಎಂಬುದು ನನ್ನ ವಾದವಲ್ಲ. ಎದುರಾಳಿಯ ಫಿರಂಗಿ ನಮ್ಮನ್ನು ಮುಟ್ಟಿ, ನಮ್ಮದು ಅವನನ್ನು ಮುಟ್ಟದಿದ್ದರೆ ನಮ್ಮ ಹುಡುಗರು ತಿರುಗಿ ಉತ್ತರ ಕೊಡಲಾರದೆ ಸಾಯುತ್ತಾರೆ. ಅದನ್ನು ಫಿರಂಗಿದಳದವರು ನನಗಿಂತ ಚೆನ್ನಾಗಿ ಬಲ್ಲರು. ಅವರು ದೂರವನ್ನು ಹೇಳುವಾಗ ಹರಡುವಿಕೆಯನ್ನೂ ಹೇಳುತ್ತಾರೆ. ಚಪ್ಪಾಳೆ ತಟ್ಟುವವರು ಮೊದಲನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತಿದ್ದಾಗಲೂ ಹೀಗೆಯೇ. ಐವತ್ತೈದು ಟನ್ ತೂಕದ ಆ ಭವ್ಯವಾದ ಎರಕದ ಕೆಲಸವನ್ನು ಬಿಟ್ಟು ಮಕ್ಕಳು ಕೇಳುತ್ತಿದ್ದುದು "ಎಷ್ಟು ದೂರ ಹೊಡೀತಿತ್ತು?" ಎಂದೇ. ಗೈಡ್ ಹೇಳುವ ದೂರವೋ, ಪ್ರತಿ ವರ್ಷ ಒಂದಿಷ್ಟು ಬೆಳೆಯುತ್ತಿತ್ತು. ಯಾವ ಮಗುವೂ "ಯಾವುದಕ್ಕೆ ತಾಗ್ತಿತ್ತು?" ಎಂದು ಕೇಳಲಿಲ್ಲ. ಕೇಳಲು ನಾನು ಕಲಿಸಿರಲಿಲ್ಲ.

2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಫಿರಂಗಿ ಗುಂಡುಗಳು ಪೂಂಚ್ ಪಟ್ಟಣದ ಮೇಲೆ ಬಿದ್ದು ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಆ ಕಡೆಯಲ್ಲೂ ಯಾವುದೋ ಕುಟುಂಬದ ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿರಬಹುದು. ಅವರ ಫಿರಂಗಿ ಎಷ್ಟು ದೂರ ಮುಟ್ಟುತ್ತದೆ ಎಂಬ ಹೆಮ್ಮೆಗೆ.

ಕೊನೆಯದಾಗಿ ಒಂದು ಲೆಕ್ಕ, ಈ ಬಾರಿ ಗಾಳಿಯನ್ನೂ ಸೇರಿಸಿ. ಮಾರ್ಗದರ್ಶನವಿಲ್ಲದ 155 ಮಿಲಿಮೀಟರಿನ ಗುಂಡನ್ನು 30 ಕಿಲೋಮೀಟರ್ ದೂರಕ್ಕೆ ಹಾರಿಸಿದರೆ, ಗುರಿಯ ಸುತ್ತ ಸುಮಾರು 250 ಮೀಟರ್ ತ್ರಿಜ್ಯದ ವೃತ್ತದೊಳಗೆ ಅರ್ಧದಷ್ಟು ಗುಂಡುಗಳು ಬೀಳುತ್ತವೆ ಎಂದಿಟ್ಟುಕೊಳ್ಳಬಹುದು. ಇದೇ ಅವರ ಭಾಷೆಯ 'ನಿಖರತೆ'. ವೃತ್ತದ ವಿಸ್ತೀರ್ಣ ನಲವತ್ತೆಂಟು ಎಕರೆ. ಉಳಿದರ್ಧ ಅದರ ಹೊರಗೆ. ನಮ್ಮೂರಿನ ನಕಾಶೆ ಹರಡಿಕೊಂಡು, ಬಸ್ ನಿಲ್ದಾಣವನ್ನು ಗುರಿಯಾಗಿಟ್ಟು, ಹಳೆಯ ಕೈವಾರದಿಂದ ಆ ವೃತ್ತವನ್ನು ಎಳೆದು ನೋಡಿದೆ. ಒಳಗೆ ಸಂತೆಯ ಮೈದಾನ, ರಥಬೀದಿಯ ಅರ್ಧ, ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡು, ತಂಗಿಯ ಮನೆ. ನಾನು ಮೂವತ್ತು ವರ್ಷ ಪಾಠ ಮಾಡಿದ ಶಾಲೆ ಗೆರೆಯಿಂದ ಸ್ವಲ್ಪ ಆಚೆಗಿದೆ, ಉಳಿದರ್ಧದ ಪಾಲಿಗೆ. ನಕಾಶೆಯ ಚಿತ್ರ ತೆಗೆದು ಅದೇ ಗುಂಪಿಗೆ ಕಳುಹಿಸಿದ್ದೇನೆ. ಇದುವರೆಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ತಂಗಿ ಮಾತ್ರ, "ಅಣ್ಣಾ, ನಮ್ಮನೇನ ಯಾಕೆ ಒಳಗೆ ಹಾಕಿದ್ದೀಯ?" ಎಂದು ಕೇಳಿದ್ದಾಳೆ.